ಲೆಕ್ಕ ತಿದ್ದಿದ ಓದುಗರು

ಆಂಡಿ ವೀರ್ ಬರೆದ ‘ದಿ ಮಾರ್ಷಿಯನ್’ ಕಾದಂಬರಿಯ ಮುದ್ರಿತ ಪ್ರತಿ ಅಮೆರಿಕದ ಪುಸ್ತಕದಂಗಡಿಗಳಿಗೆ ಬಂದದ್ದು 2014ರ ಫೆಬ್ರುವರಿಯಲ್ಲಿ. ಅಷ್ಟು ಹೊತ್ತಿಗಾಗಲೇ ಸಾವಿರಾರು ಜನ ಅದನ್ನು ಓದಿ ಮುಗಿಸಿದ್ದರು. ಕೆಲವರು ತಪ್ಪುಗಳನ್ನು ಹೆಕ್ಕಿ ಲೇಖಕರಿಗೆ ಬರೆದಿದ್ದರು, ಲೇಖಕರು ಅವನ್ನು ತಿದ್ದಿಯೂ ಆಗಿತ್ತು. ಕಾದಂಬರಿಯೊಂದರ ಬಗ್ಗೆ ಓದುಗರ ಮಾತು ಶುರುವಾಗುವುದು ಸಾಮಾನ್ಯವಾಗಿ ಅದು ಅಚ್ಚಾದ ನಂತರ. ಈ ಕಾದಂಬರಿಯಲ್ಲಿ ಆ ಮಾತು ಪುಸ್ತಕದ ಒಳಗೇ ಸೇರಿಹೋಗಿದೆ. ಆದ್ದರಿಂದ ಓದುಗರು ಇದನ್ನು ಹೇಗೆ ಕಂಡರು ಎಂದು ನೋಡುವುದೆಂದರೆ ಇದು ಹೇಗೆ ಬೆಳೆಯಿತು ಎಂದು ನೋಡುವುದೂ ಹೌದು.

ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದ ವೀರ್ 2009ರ ಸುಮಾರಿಗೆ ಈ ಕಥೆಯನ್ನು ತಮ್ಮ ಜಾಲತಾಣದಲ್ಲಿ ಅಧ್ಯಾಯ ಅಧ್ಯಾಯವಾಗಿ ಹಾಕತೊಡಗಿದರು. ಹೊಸ ಕಂತು ಬಂದಾಗ ತಿಳಿಸಲು ಅವರ ಬಳಿ ಸುಮಾರು 3,000 ಜನರ ಇ-ಮೇಲ್ ಪಟ್ಟಿ ಇತ್ತು. ವಾರಪತ್ರಿಕೆಯ ಧಾರಾವಾಹಿಗೆ ಕಾದು ಕುಳಿತು, ಮುಂದಿನ ಕಂತು ಬರುವಷ್ಟರಲ್ಲಿ ಸಂಪಾದಕರಿಗೆ ಪತ್ರ ಬರೆದ ಅನುಭವವಿರುವ ಕನ್ನಡದ ಹಳೆಯ ಓದುಗರಿಗೆ ಈ ನಂಟು ಬಿಡಿಸಿ ಹೇಳಬೇಕಾಗಿಲ್ಲ. ಒಂದು ವ್ಯತ್ಯಾಸವೆಂದರೆ, ಧಾರಾವಾಹಿಯ ಓದುಗರು ನಾಯಕಿಯ ಮದುವೆ ಯಾರ ಜೊತೆ ಆಗಬೇಕೆಂದು ಬರೆಯುತ್ತಿದ್ದರು. ವೀರ್ ಅವರ ಓದುಗರು ಆಮ್ಲಜನಕದ ಲೆಕ್ಕ ಸರಿಯಿಲ್ಲ ಎಂದು ಬರೆದರು. ಕಕ್ಷೆಗಳ ಗಣಿತವನ್ನು ವೀರ್ ತಾವೇ ಬರೆದ ಪ್ರೋಗ್ರಾಮಿನಿಂದ ಹಾಕಿಕೊಂಡಿದ್ದರು, ಅಲ್ಲಿ ಅವರಿಗೆ ಹಿಡಿತವಿತ್ತು. ರಸಾಯನಶಾಸ್ತ್ರ ಮಾತ್ರ ಕೈಕೊಡುತ್ತಿತ್ತು, ಆ ವಿಷಯ ಬಲ್ಲವರ ಪತ್ರಗಳು ಒದಗಿದ್ದು ಅಲ್ಲಿಯೇ.

ಪುಸ್ತಕದ ರೂಪ ಬಂದದ್ದೂ ಓದುಗರು ಕೇಳಿದ್ದರಿಂದ. ಕಂಪ್ಯೂಟರಿನ ಪರದೆಯ ಮೇಲೆ ಓದುವುದು ಕಷ್ಟ, ಇ-ಪುಸ್ತಕ ಮಾಡಿ ಎಂದರು, ಮಾಡಿದರು. ಅದನ್ನು ಇಳಿಸಿಕೊಳ್ಳುವುದೂ ತಲೆನೋವು, ಕಿಂಡಲ್‌ನಲ್ಲಿ ಸಿಗುವಂತೆ ಮಾಡಿ ಎಂದರು. ಅಮೆಜಾನ್‌ನಲ್ಲಿ ಪುಕ್ಕಟೆ ಕೊಡಲು ಅವಕಾಶವಿಲ್ಲದ ಕಾರಣ ಅಲ್ಲಿದ್ದ ಅತಿ ಕಡಿಮೆ ಬೆಲೆಯಾದ 99 ಸೆಂಟ್ ಇಟ್ಟರು. ಪುಕ್ಕಟೆ ಪ್ರತಿ ಜಾಲತಾಣದಲ್ಲಿ ಇದ್ದೇ ಇತ್ತು. ಆದರೂ ಮೂರು ತಿಂಗಳಲ್ಲಿ 35,000 ಪ್ರತಿ ಮಾರಾಟವಾಯಿತು. ಬಳಿಕ ಧ್ವನಿಪುಸ್ತಕ ಬಂತು. 2013ರ ಮಾರ್ಚ್‌ನಲ್ಲಿ ಕ್ರೌನ್ ಪ್ರಕಾಶನದ ಒಪ್ಪಂದ ಮತ್ತು ಸಿನಿಮಾ ಹಕ್ಕಿನ ಒಪ್ಪಂದ ಕೆಲವೇ ದಿನಗಳ ಅಂತರದಲ್ಲಿ ಆದವು. ರಿಡ್ಲಿ ಸ್ಕಾಟ್ ನಿರ್ದೇಶನದಲ್ಲಿ ಮ್ಯಾಟ್ ಡೇಮನ್ ನಟಿಸಿದ ಚಿತ್ರ 2015ರ ಅಕ್ಟೋಬರಿನಲ್ಲಿ ತೆರೆಕಂಡಿತು.

ಕಥೆಯ ಎಳೆ ಸರಳ. ಮಂಗಳಕ್ಕೆ ಹೋದ ಮೂರನೆಯ ಮಾನವಯಾನ ‘ಏರೀಸ್ 3’. ಇಳಿದ ಆರನೆಯ ದಿನ ಬಿರುಗಾಳಿ ಎದ್ದು ಆರು ಜನರ ತಂಡ ಹೊರಡಲೇಬೇಕಾಗುತ್ತದೆ. ಗಾಳಿಗೆ ಕಿತ್ತು ಬಂದ ಆಂಟೆನಾ ಚುಚ್ಚಿ ಬಿದ್ದ ಮಾರ್ಕ್ ವಾಟ್ನಿ ಸತ್ತನೆಂದು ತಿಳಿದು ಉಳಿದ ಐವರು ಹೊರಟುಹೋಗುತ್ತಾರೆ. ಅವನು ಬದುಕಿರುತ್ತಾನೆ. ಸಸ್ಯಶಾಸ್ತ್ರಜ್ಞ, ಜೊತೆಗೆ ಮೆಕ್ಯಾನಿಕಲ್ ಎಂಜಿನಿಯರ್. ಅವನ ಕೈಯಲ್ಲಿರುವುದು ಆರು ಜನಕ್ಕೆಂದು ತಂದ ಊಟ. ಬಿಗಿ ಹಿಡಿದು ತಿಂದರೆ 400 ದಿನಕ್ಕೆ ಬರುತ್ತದೆ. ಮುಂದಿನ ತಂಡ ಬರುವುದು ನಾಲ್ಕು ವರ್ಷದ ಮೇಲೆ, ಅದೂ 3,200 ಕಿಲೋಮೀಟರ್ ಆಚೆ. ವರ್ಷ ಯಾವುದೆಂದು ಪುಸ್ತಕ ಹೇಳುವುದಿಲ್ಲ. ಗ್ರಹಗಳ ಸ್ಥಾನ, ಪ್ರಯಾಣದ ಅವಧಿ, ನಡುವೆ ಬರುವ ಹಬ್ಬ ಇವನ್ನೆಲ್ಲ ಹೊಂದಿಸಿದರೆ 2035 ಸಿಗುತ್ತದೆ, ವೀರ್ ಅವರೂ ಅದನ್ನೇ ಹೇಳಿದ್ದಾರೆ. ಇಲ್ಲಿರುವುದು ಬರೆದ ಕಾಲದಿಂದ ಒಂದು ತಲೆಮಾರಿನಷ್ಟೇ ದೂರದ ಭವಿಷ್ಯ, ಆಗಿದ್ದ ಯಂತ್ರಗಳೇ ಒಂದಿಷ್ಟು ಸುಧಾರಿಸಿರುತ್ತವೆ. ಓದುಗರು ಪೆನ್ನು ಕಾಗದ ಹಿಡಿದು ಕೂರಲು ಈ ಸಮೀಪವೇ ಕಾರಣ. ಸಾವಿರ ವರ್ಷ ಮುಂದಿನ ಕಥೆಯನ್ನು ಯಾರೂ ಹೀಗೆ ಪರೀಕ್ಷಿಸುವುದಿಲ್ಲ.

ಹೆಚ್ಚು ಜನ ಎತ್ತಿದ ಆಕ್ಷೇಪ ಆ ಬಿರುಗಾಳಿಯದ್ದೇ. ಕಾದಂಬರಿಯ ಗಾಳಿ ಗಂಟೆಗೆ 175 ಕಿಲೋಮೀಟರ್ ವೇಗದಲ್ಲಿ ಬೀಸಿ ಮೇಲೇರುವ ನೌಕೆಯನ್ನೇ ಉರುಳಿಸುವಂತಿದೆ. ಮಂಗಳದ ವಾತಾವರಣದ ಒತ್ತಡವಾದರೋ ಭೂಮಿಯದ್ದರ ನೂರರಲ್ಲೊಂದು ಪಾಲಿಗೂ ಕಡಿಮೆ. ಗಾಳಿಯ ಸಾಂದ್ರತೆ ಹೆಚ್ಚುಕಡಿಮೆ ಅರವತ್ತರಲ್ಲೊಂದು. ಗಾಳಿಯ ತಳ್ಳುವ ಬಲ ಸಾಂದ್ರತೆಯ ಜೊತೆ ನೇರವಾಗಿ, ವೇಗದ ಜೊತೆ ವರ್ಗದಲ್ಲಿ ಏರುತ್ತದೆ. ಅರವತ್ತರ ವರ್ಗಮೂಲ ಎಂಟರ ಸಮೀಪ. ಹಾಗಾಗಿ ಅಲ್ಲಿಯ 175ರ ಬಿರುಗಾಳಿ ಇಲ್ಲಿಯ 22-23 ಕಿಲೋಮೀಟರಿನ ಗಾಳಿಯಷ್ಟು ಮಾತ್ರ ತಳ್ಳುತ್ತದೆ. ಹಗ್ಗದ ಮೇಲೆ ಒಣಹಾಕಿದ ಬಟ್ಟೆ ಪಟಪಟ ಎನ್ನಬಹುದು, ಮನುಷ್ಯ ಬೀಳುವುದಿಲ್ಲ. ವೀರ್ ಇದನ್ನು ಮುಚ್ಚಿಡಲಿಲ್ಲ. ಗೊತ್ತಿದ್ದೇ ಬರೆದದ್ದು, ಎಂಜಿನ್ ಪರೀಕ್ಷೆಯಲ್ಲಿ ಸ್ಫೋಟವಾಗುವ ಇನ್ನೊಂದು ಆರಂಭವೂ ಮನಸ್ಸಿನಲ್ಲಿತ್ತು, ಆದರೆ ಮನುಷ್ಯನಿಗೆ ಎದುರಾಗಿ ಪ್ರಕೃತಿ ನಿಲ್ಲುವ ಕಥೆಯಲ್ಲಿ ಮೊದಲ ಏಟು ಪ್ರಕೃತಿಯದ್ದಾಗಿರಲಿ ಎನಿಸಿತು ಎಂದರು. ಬಹುಪಾಲು ಓದುಗರು ಈ ಮಾತನ್ನು ಒಪ್ಪಿಕೊಂಡರು. ಒಪ್ಪತಕ್ಕದ್ದೇ. ಕಥೆ ಶುರುವಾಗಲು ಕೇಳಿದ ಒಂದು ರಿಯಾಯಿತಿ ಅದು. ನಾಯಕ ಸಿಕ್ಕಿಬಿದ್ದಾಗ ಅವನನ್ನು ಪಾರುಮಾಡಲು ಲೇಖಕರು ಅಂಥ ರಿಯಾಯಿತಿ ತೆಗೆದುಕೊಂಡಿದ್ದರೆ ಯಾರೂ ಕ್ಷಮಿಸುತ್ತಿರಲಿಲ್ಲ.

ಇದಕ್ಕಿಂತ ಸೂಕ್ಷ್ಮವಾದದ್ದು ನೀರಿನ ಲೆಕ್ಕ. ತಂಡದವರು ಹಬ್ಬದ ಅಡುಗೆಗೆಂದು ತಂದಿದ್ದ ಹಸಿ ಆಲೂಗಡ್ಡೆಯನ್ನು ವಾಟ್ನಿ ಬಿತ್ತನೆ ಮಾಡುತ್ತಾನೆ. ವಸತಿ ಗುಡಾರದ ನೆಲ 92 ಚದರ ಮೀಟರ್. ಮಂಚ, ಮೇಜಿನ ಮೇಲೂ ಚಿಕ್ಕ ಡೇರೆಗಳ ಒಳಗೂ ಮಣ್ಣು ಹರವಿದರೆ 126. ಮಣ್ಣಿನ ದಪ್ಪ ಹತ್ತು ಸೆಂಟಿಮೀಟರ್. ಒಂದು ಘನ ಮೀಟರ್ ಮಣ್ಣಿಗೆ 40 ಲೀಟರ್ ನೀರು ಬೇಕೆಂಬ ಅವನ ಅಂದಾಜಿನಂತೆ ಹೊಲಕ್ಕೆ ಸುಮಾರು 500 ಲೀಟರ್ ಬೇಕು. ಇರುವುದು 300, ಅದರಲ್ಲಿ ಕುಡಿಯಲೂ ಒಂದಿಷ್ಟು ಉಳಿಯಬೇಕು. ಕೊರತೆ 250 ಲೀಟರ್. ಇಳಿದು ಬಂದ ನೌಕೆಯ ತೊಟ್ಟಿಯಲ್ಲಿ 292 ಲೀಟರ್ ಹೈಡ್ರಜೀನ್ ಇಂಧನ ಉಳಿದಿದೆ. ಅದನ್ನು ಇರಿಡಿಯಂ ಮೇಲೆ ಹನಿಹನಿಯಾಗಿ ಬಿಟ್ಟರೆ ಸಾರಜನಕ, ಜಲಜನಕವಾಗಿ ಒಡೆಯುತ್ತದೆ. ಜಲಜನಕವನ್ನು ಉರಿಸಿದರೆ ನೀರು.

ಇದರಿಂದ 600 ಲೀಟರಿನಷ್ಟು ನೀರು ಸಿಗುತ್ತದೆಂದು ವಾಟ್ನಿ ಬರೆದುಕೊಳ್ಳುತ್ತಾನೆ. ಪಿಯುಸಿಯಲ್ಲಿ ರಸಾಯನಶಾಸ್ತ್ರ ಓದಿದವರು ಯಾರಾದರೂ ಇಲ್ಲಿ ನಿಂತು ಲೆಕ್ಕ ಮಾಡಬಹುದು. 32 ಗ್ರಾಂ ಹೈಡ್ರಜೀನ್‌ನಲ್ಲಿ ಜಲಜನಕ 4 ಗ್ರಾಂ. ಅದು 32 ಗ್ರಾಂ ಆಮ್ಲಜನಕದೊಂದಿಗೆ ಸೇರಿ 36 ಗ್ರಾಂ ನೀರಾಗುತ್ತದೆ. ಅಂದರೆ ಒಂದು ಕಿಲೋ ಹೈಡ್ರಜೀನ್‌ಗೆ ಒಂದು ಕಿಲೋ ನೂರಿಪ್ಪತ್ತೈದು ಗ್ರಾಂ ನೀರು. ಹೈಡ್ರಜೀನ್‌ನ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ ಇರುವುದರಿಂದ 292 ಲೀಟರಿನಿಂದ ಸಿಗುವುದು 330 ಲೀಟರಿನಷ್ಟು, ಆರುನೂರಲ್ಲ. ಸಮೀಕರಣದಲ್ಲಿ ಒಂದು ಅಣುವಿಗೆ ಎರಡು ಅಣು ಎಂದು ಇದ್ದದ್ದನ್ನು ಒಂದು ಲೀಟರಿಗೆ ಎರಡು ಲೀಟರ್ ಎಂದು ಹಿಡಿದ ತಪ್ಪು ಇದು. ಅಷ್ಟು ಓದುಗರ ಕಣ್ಣು ದಾಟಿಯೂ ಅಚ್ಚಿನಲ್ಲಿ ಉಳಿದುಬಿಟ್ಟಿತು. ಆದರೂ ಬೇಕಾದದ್ದು 250 ಲೀಟರ್, ಸಿಗುವುದು 330. ವಾಟ್ನಿಯ ಹೊಲ ಒಣಗುವುದಿಲ್ಲ. ತಪ್ಪು ಹಿಡಿಯಲು ಹೊರಟ ಓದುಗ ನಾಯಕ ಹೇಗೂ ಬದುಕುತ್ತಾನೆಂದು ಖಾತ್ರಿ ಮಾಡಿಕೊಂಡು ನೆಮ್ಮದಿಯಿಂದ ಪುಟ ತಿರುವಬಹುದು. ಲೇಖಕರು ಅಂಕಿಗಳನ್ನೆಲ್ಲ ಮೇಜಿನ ಮೇಲೆ ಬಿಚ್ಚಿಟ್ಟದ್ದರಿಂದ ಇದು ಸಾಧ್ಯವಾಯಿತು. ಹೇಗೋ ನೀರು ಮಾಡಿಕೊಂಡ ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದರೆ ತಪ್ಪೂ ಇರುತ್ತಿರಲಿಲ್ಲ, ಓದುಗನಿಗೆ ಆ ಗುಡಾರದೊಳಗೆ ಜಾಗವೂ ಇರುತ್ತಿರಲಿಲ್ಲ.

ಕಾಲವೂ ಕಾದಂಬರಿಯನ್ನು ತಿದ್ದಿತು. ಅಚ್ಚಾಗುವ ಕೆಲವೇ ತಿಂಗಳು ಮೊದಲು, 2013ರ ಸೆಪ್ಟೆಂಬರಿನಲ್ಲಿ, ಮಂಗಳದ ಮೇಲಿನ ಕ್ಯೂರಿಯಾಸಿಟಿ ರೋವರ್ ಮಣ್ಣಿನ ತೂಕದಲ್ಲಿ ಸುಮಾರು ಶೇ 2ರಷ್ಟು ನೀರಿದೆ ಎಂದು ತೋರಿಸಿತು. ವಾಟ್ನಿ ಮಣ್ಣನ್ನು ಕಾಯಿಸಿದ್ದರೆ ಸಾಕಿತ್ತು, ಪ್ರಾಣಕ್ಕೆ ಎರವಾಗುವ ಹೈಡ್ರಜೀನ್‌ನ ಗೊಡವೆಯೇ ಬೇಕಿರಲಿಲ್ಲ. ಇನ್ನೊಂದು ಸಂಗತಿ ಮೊದಲೇ ಗೊತ್ತಿದ್ದದ್ದು: ಮಂಗಳದ ಮಣ್ಣಿನಲ್ಲಿ ವಿಷಕಾರಿ ಪರ್‌ಕ್ಲೋರೇಟ್ ಲವಣಗಳಿವೆ ಎಂದು ಫೀನಿಕ್ಸ್ ನೌಕೆ 2008ರಲ್ಲೇ ಕಂಡುಹಿಡಿದಿತ್ತು. ಮಣ್ಣು ತೊಳೆಯದೆ ಬೆಳೆದ ಆಲೂಗಡ್ಡೆ ತಿಂದರೆ ಥೈರಾಯ್ಡ್‌ನ ಗತಿಯೇನು ಎಂದು ಓದುಗರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಲವಣ ನೀರಿನಲ್ಲಿ ಕರಗುವುದರಿಂದ ಮಣ್ಣು ತೊಳೆಯಬಹುದು, ಆದರೆ ಕಾದಂಬರಿಯಲ್ಲಿ ತೊಳೆಯುವಷ್ಟು ನೀರೆಲ್ಲಿದೆ? ವಿಕಿರಣದ ವಿಷಯ ಇನ್ನೂ ಗಟ್ಟಿ ಆಕ್ಷೇಪ. ಮಂಗಳದ ನೆಲದ ಮೇಲೆ ದಿನಕ್ಕೆ ಸುಮಾರು 0.6ರಿಂದ 0.7 ಮಿಲಿಸೀವರ್ಟ್ ವಿಕಿರಣ ಬೀಳುತ್ತದೆಂದು ಕ್ಯೂರಿಯಾಸಿಟಿಯೇ ಅಳೆದಿದೆ. ಒಂದೂವರೆ ವರ್ಷ ಅದನ್ನು ತಡೆಯಲು ತೆಳುವಾದ ಗುಡಾರದ ಬಟ್ಟೆ ಸಾಲದು. ಇದು ಆ ಕಾಲಕ್ಕೆ ಬಂದಿರಬಹುದಾದ ಕಲ್ಪಿತ ವಸ್ತು ಎನ್ನುವುದರ ಹೊರತು ವೀರ್ ಅವರಲ್ಲೂ ಬೇರೆ ಉತ್ತರವಿಲ್ಲ.

ಆಲೂಗಡ್ಡೆಯ ಚರ್ಚೆ ಪುಸ್ತಕದ ಆಚೆಗೂ ಹೋಯಿತು. ಪೆರು ದೇಶದ ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ನಾಸಾದ ಜೊತೆಗೂಡಿ ಅಲ್ಲಿಯ ಮರುಭೂಮಿಯ ಉಪ್ಪು ಮಣ್ಣನ್ನು ಪೆಟ್ಟಿಗೆಯಲ್ಲಿ ತುಂಬಿ, ಮಂಗಳವನ್ನು ಹೋಲುವ ವಾತಾವರಣದಲ್ಲಿ ಗೆಡ್ಡೆ ನೆಟ್ಟು, ಅದು ಚಿಗುರಿದ್ದನ್ನು 2017ರಲ್ಲಿ ತೋರಿಸಿತು. ಮಂಗಳವನ್ನು ಸುತ್ತುತ್ತಿರುವ ನೌಕೆಯ ಹೈರೈಸ್ ಕ್ಯಾಮೆರಾ 2015ರಲ್ಲಿ ಅಸಿಡೇಲಿಯಾ ಬಯಲಿನ ಚಿತ್ರ ತೆಗೆದು, ಕಾದಂಬರಿಯ ಗುಡಾರ ಇರಬೇಕಾದ ಜಾಗ ಇದೇ ಎಂದು ಓದುಗರ ಮುಂದಿಟ್ಟಿತು.

ವಿಜ್ಞಾನ ಕಾದಂಬರಿಯ ಓದುಗರು ಲೆಕ್ಕ ಕೇಳುವುದು ಹೊಸದಲ್ಲ. ಲ್ಯಾರಿ ನಿವೆನ್ 1970ರಲ್ಲಿ ‘ರಿಂಗ್‌ವರ್ಲ್ಡ್’ ಪ್ರಕಟಿಸಿದಾಗ, ನಕ್ಷತ್ರದ ಸುತ್ತ ಕಟ್ಟಿದ ಆ ಬಳೆಯಂಥ ಲೋಕ ಸ್ಥಿರವಾಗಿ ನಿಲ್ಲದು ಎಂದು ಎಂಐಟಿಯ ವಿದ್ಯಾರ್ಥಿಗಳು ವಿಜ್ಞಾನಕಥಾ ಸಮ್ಮೇಳನವೊಂದರಲ್ಲಿ ಘೋಷಣೆಯನ್ನೇ ಕೂಗಿದರು. ಮೊದಲ ಮುದ್ರಣದಲ್ಲಿ ಭೂಮಿ ತಿರುಗುವ ದಿಕ್ಕೂ ತಪ್ಪಾಗಿತ್ತು. ನಿವೆನ್ ಎರಡನೆಯ ಕಾದಂಬರಿ ಬರೆದು ಅಸ್ಥಿರತೆಯ ಪ್ರಶ್ನೆಗೆ ಪರಿಹಾರ ಒದಗಿಸಬೇಕಾಯಿತು. ಅವರಿಗೆ ಆ ಉತ್ತರಕ್ಕೆ ಸುಮಾರು ಹತ್ತು ವರ್ಷ ಹಿಡಿಯಿತು. ವೀರ್ ಅವರಿಗೆ ಅನೇಕ ಉತ್ತರಗಳು ಮುಂದಿನ ಅಧ್ಯಾಯ ಬರೆಯುವ ಮೊದಲೇ ಸಿಕ್ಕವು.

ಕಾದಂಬರಿಯಲ್ಲಿ ಓದುಗರು ಮತ್ತೆ ಮತ್ತೆ ನೆನೆಯುವ ಭಾಗ ಒಂದಿದೆ. ಭೂಮಿಯ ಜೊತೆ ಮಾತಾಡಲು ದಾರಿಯಿಲ್ಲದ ವಾಟ್ನಿ, 1997ರ ಜುಲೈ 4ರಂದು ಇಳಿದು ಕೆಲ ತಿಂಗಳಲ್ಲೇ ಮೌನವಾದ ಪಾಥ್‌ಫೈಂಡರ್ ನೌಕೆಯನ್ನು ಮರಳಿನಿಂದ ಅಗೆದು ತಂದು ಜೀವ ಕೊಡುತ್ತಾನೆ. ಅವನು ಬರೆದ ಚೀಟಿಯನ್ನು ಅದರ ಕ್ಯಾಮೆರಾ ಭೂಮಿಗೆ ತೋರಿಸಬಲ್ಲದು. ಆದರೆ ಭೂಮಿಯವರು ಮಾಡಬಲ್ಲದ್ದು ಒಂದೇ, ಕ್ಯಾಮೆರಾವನ್ನು ಅತ್ತಿತ್ತ ತಿರುಗಿಸುವುದು. ಸುತ್ತಲೂ ಇಂಗ್ಲಿಷಿನ 26 ಅಕ್ಷರಗಳ ಫಲಕ ನಿಲ್ಲಿಸಿದರೆ ಒಂದಕ್ಕೊಂದು ತೀರಾ ಹತ್ತಿರ, ಕ್ಯಾಮೆರಾ ಯಾವುದನ್ನು ನೋಡುತ್ತಿದೆ ಎಂದು ತಿಳಿಯದು. ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರಕ್ಕೂ ಎರಡು ಅಂಕೆಯ ಸಂಕೇತವಿದೆ, ಆ ಅಂಕೆಗಳು ಹದಿನಾರೇ. ಹದಿನಾರು ಫಲಕ, ಪ್ರಶ್ನೆಗೊಂದು. ಒಂದೊಂದಕ್ಕೆ 21 ಡಿಗ್ರಿ ಅಂತರ. ಕ್ಯಾಮೆರಾ ನಾಲ್ಕರತ್ತ ತಿರುಗಿ ಆಮೇಲೆ ಎಂಟರತ್ತ ತಿರುಗಿದರೆ ‘ಎಚ್’. ಮರಳ ಮೇಲೆ ಒಬ್ಬನೇ ನಿಂತವನು, ಇಷ್ಟು ದಿನ ಯಾರೂ ಮಾತಾಡಿಸದವನು, ಆ ಕ್ಯಾಮೆರಾದ ಕುತ್ತಿಗೆ ನಿಧಾನಕ್ಕೆ ಹೊರಳುವುದನ್ನು ನೋಡಿ ಒಂದೊಂದು ಅಕ್ಷರ ಬರೆದುಕೊಳ್ಳುತ್ತಾನೆ. ಸಾಫ್ಟ್‌ವೇರ್ ಬಲ್ಲವರಿಗೆ ಇದು ದಿನನಿತ್ಯದ ಕೋಷ್ಟಕ. ಅದನ್ನು ಕಾಣದವರಿಗೂ ಇಲ್ಲಿ ಗಂಟಲು ಕಟ್ಟುತ್ತದೆ.

ಕನ್ನಡಿಗ ಓದುಗರಿಗೆ ಈ ಕಾಯುವಿಕೆ ತೀರ ಅಪರಿಚಿತವಲ್ಲ. ಪುಸ್ತಕ ಬಂದ ವರ್ಷವೇ, 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ, ಇಸ್ರೋದ ಮಂಗಳನೌಕೆ ಗ್ರಹದ ಮರೆಯಲ್ಲಿ ಎಂಜಿನ್ ಉರಿಸಿತು. ಅದರ ಸಂಕೇತ ಬೆಂಗಳೂರಿನ ನಿಯಂತ್ರಣ ಕೇಂದ್ರಕ್ಕೆ ಮುಟ್ಟಲು ಹನ್ನೆರಡು ನಿಮಿಷಕ್ಕೂ ಹೆಚ್ಚು ಬೇಕಿತ್ತು. ಏನಾಗಬೇಕೋ ಅದು ಅಲ್ಲಿ ಆಗಿ ಮುಗಿದಿದೆ, ಇಲ್ಲಿ ಸುದ್ದಿ ಇನ್ನೂ ದಾರಿಯಲ್ಲಿದೆ ಎಂಬ ಆ ನಿಮಿಷಗಳನ್ನು ಟಿ.ವಿ. ಮುಂದೆ ಕೂತು ಅನುಭವಿಸಿದವರು ಕಾದಂಬರಿಯ ಕೊನೆಯ ಅಧ್ಯಾಯದ ಉಸಿರುಕಟ್ಟುವಿಕೆಯನ್ನು ಬೇಗ ಹಿಡಿಯುತ್ತಾರೆ.

ಮೆಚ್ಚದ ಓದುಗರ ಮಾತಿಗೂ ತೂಕವಿದೆ. ಅವರ ಮುಖ್ಯ ದೂರು ಮನುಷ್ಯರ ಬಗ್ಗೆ. ಒಂದು ಗ್ರಹದಲ್ಲಿ ಒಬ್ಬನೇ ಉಳಿದವನು ಹೀಗೆ ತಮಾಷೆ ಮಾಡುತ್ತಲೇ ಇರಲು ಸಾಧ್ಯವೇ? ರಾತ್ರಿ ಅವನಿಗೆ ಏನನಿಸುತ್ತದೆ? ತಂದೆ ತಾಯಿಯ ನೆನಪು ಎರಡು ಮೂರು ಕಡೆ ಬಂದು ಸರಿದುಹೋಗುತ್ತದೆ. ಅವನ ಭಾಗವೆಲ್ಲ ದಿನಚರಿಯ ರೂಪದಲ್ಲಿದೆ; ಮುಂದೆ ಯಾರಾದರೂ ಓದಲೆಂದು ಬರೆದಿಟ್ಟ ದಾಖಲೆ, ಅದರಲ್ಲಿ ಅಳು ಬರೆಯದಿರುವುದು ಸಹಜ ಎಂಬುದು ಮೆಚ್ಚಿದವರ ಸಮಾಧಾನ. ಅದು ವಾಟ್ನಿಯ ಮಟ್ಟಿಗೆ ಸಲ್ಲುತ್ತದೆ. ಅವನನ್ನು ಬಿಟ್ಟುಹೋದೆವಲ್ಲ ಎಂಬ ಪಾಪಭಾರ ಹೊತ್ತ ತಂಡದ ನಾಯಕಿ ಲೂಯಿಸ್‌ಗೆ, ನೌಕೆಯೊಳಗಿನ ಇನ್ನು ನಾಲ್ವರಿಗೆ ಸಲ್ಲುವುದಿಲ್ಲ. ಅವರ ಭಾಗಗಳು ದಿನಚರಿಯಲ್ಲ, ಲೇಖಕರೇ ಹೇಳುವ ಕಥೆ. ಅಲ್ಲೂ ಎಲ್ಲರೂ ವಾಟ್ನಿಯ ಧಾಟಿಯಲ್ಲೇ ಮಾತಾಡುತ್ತಾರೆ. ಇದು ಕಾದಂಬರಿಯ ನಿಜವಾದ ಕೊರತೆ, ಗಾಳಿಯ ವೇಗದ ತಪ್ಪಿಗಿಂತ ದೊಡ್ಡದು. ಇದೇ ಪುಸ್ತಕದಲ್ಲಿ ಗುಡಾರದ ಬಟ್ಟೆಯ ಒಂದು ಹಾಳೆ ಕಾರ್ಖಾನೆಯಲ್ಲಿ ನೇಯ್ದ ದಿನದಿಂದ ಮಂಗಳದಲ್ಲಿ ಹರಿಯುವ ಕ್ಷಣದವರೆಗೆ ಹೇಗೆ ಸವೆಯುತ್ತ ಬಂತೆಂದು ಹೇಳುವ ಕೆಲವು ಪುಟಗಳಿವೆ. ಎದೆ ಢವಗುಟ್ಟಿಸುವ ಬರವಣಿಗೆ ಅದು. ಒಂದು ಬಟ್ಟೆಯ ಆಯಾಸವನ್ನು ಇಷ್ಟು ಕಾಳಜಿಯಿಂದ ಬರೆಯಬಲ್ಲ ಲೇಖಕರು ಲೂಯಿಸ್‌ಗೆ ನಾಲ್ಕು ಪುಟ ಕೊಡಬಹುದಿತ್ತು.

ಇನ್ನು ಕೆಲವರಿಗೆ ಕಥೆಯ ಓಟವೇ ಒಂದೇ ತೆರನಾಗಿ ಕಂಡಿತು: ಏನೋ ಕೆಡುತ್ತದೆ, ಲೆಕ್ಕ ಹಾಕುತ್ತಾನೆ, ಸರಿಪಡಿಸುತ್ತಾನೆ, ಮತ್ತೇನೋ ಕೆಡುತ್ತದೆ. ಒಬ್ಬನ ಜೀವಕ್ಕಾಗಿ ಕೋಟ್ಯಂತರ ಡಾಲರ್ ಸುರಿಯುವುದು, ಹೊರಟುಹೋದ ಐವರನ್ನು ಮತ್ತೆ ಅಪಾಯಕ್ಕೊಡ್ಡುವುದು ಸರಿಯೇ ಎಂಬ ವಾದವೂ ನಡೆಯಿತು. ಅವನ ರಕ್ಷಣೆಗೆ ಚೀನಾ ತನ್ನ ರಾಕೆಟ್ ಕೊಡುವ ತಿರುವು ಕೆಲವರಿಗೆ ನಂಬಲು ಕಷ್ಟವಾಯಿತು, ಕೆಲವರಿಗೆ ಅದೇ ಪುಸ್ತಕದ ಹೃದಯ.

ಭಾರತೀಯ ಓದುಗರ ಕಣ್ಣು ಬೀಳುವುದು ನಾಸಾದಲ್ಲಿ ಮಂಗಳಯಾನದ ಹೊಣೆ ಹೊತ್ತ ವೆಂಕಟ್ ಕಪೂರ್ ಮೇಲೆ. ತಾನು ಹಿಂದೂ ಎಂದು ಅವನೇ ಹೇಳಿಕೊಳ್ಳುತ್ತಾನೆ. ವೆಂಕಟ್ ಎಂಬ ದಕ್ಷಿಣದ ಹೆಸರು, ಕಪೂರ್ ಎಂಬ ಪಂಜಾಬಿ ಮನೆತನ: ಇಲ್ಲಿಯವರಿಗೆ ತಕ್ಷಣ ತಡೆಯುವ ಈ ಜೋಡಿ ಅಮೆರಿಕದ ಓದುಗರಿಗೆ ತಡೆಯಲಿಲ್ಲ. ರಾಸಾಯನಿಕ ತಪ್ಪು ತಿದ್ದಲು ಜನರಿದ್ದ ಹಾಗೆ ಇದನ್ನು ಕೇಳಲು ಆ ಮೊದಲ ಓದುಗರ ನಡುವೆ ಒಬ್ಬರಿದ್ದಿದ್ದರೆ ಚೆನ್ನಾಗಿತ್ತು. ಚಿತ್ರದಲ್ಲಿ ಅವನು ವಿನ್ಸೆಂಟ್ ಕಪೂರ್ ಆದ. ಪಾತ್ರಕ್ಕೆ ಇರ್ಫಾನ್ ಖಾನ್ ಅವರನ್ನು ಕೇಳಲಾಗಿತ್ತು, ‘ಪೀಕು’ ಚಿತ್ರದ ಕೆಲಸವಿದ್ದುದರಿಂದ ಆಗಲಿಲ್ಲ. ಚಿವೆಟೆಲ್ ಎಜಿಯೋಫೋರ್ ಮಾಡಿದರು. ಕೊರಿಯನ್ ಮೂಲದವಳೆಂದು ಅನೇಕರು ಓದಿಕೊಂಡಿದ್ದ ಮಿಂಡಿ ಪಾರ್ಕ್ ಪಾತ್ರಕ್ಕೆ ಬಿಳಿಯ ನಟಿ ಬಂದಾಗ ಅಮೆರಿಕದ ಏಷ್ಯನ್ ಸಂಘಟನೆಯೊಂದು ಬಹಿರಂಗವಾಗಿ ಪ್ರತಿಭಟಿಸಿತು. ಕೊನೆಯ ದೃಶ್ಯದಲ್ಲೂ ಪುಸ್ತಕದ ಓದುಗರು ಚಿತ್ರದ ಜೊತೆ ಜಗಳಕ್ಕೆ ನಿಂತರು. ಕೈಗವಸು ಚುಚ್ಚಿ ಹೊರನುಗ್ಗುವ ಗಾಳಿಯ ಬಲದಿಂದ ಹಾರಿ ಬರುತ್ತೇನೆಂದು ವಾಟ್ನಿ ಪುಸ್ತಕದಲ್ಲಿ ಹೇಳುತ್ತಾನೆ, ಅದು ಹುಚ್ಚು ಎಂದು ಅಲ್ಲಿಯೇ ತಳ್ಳಿಹಾಕುತ್ತಾರೆ. ಚಿತ್ರದಲ್ಲಿ ಅವನು ಹಾರಿಯೇ ಬರುತ್ತಾನೆ.

ಇನ್ನೊಂದು ಬಗೆಯ ಪತ್ರ ಬರೆದವರು ಶಾಲಾ ಶಿಕ್ಷಕರು. ವಿಜ್ಞಾನದ ತರಗತಿಗೆ ಇದಕ್ಕಿಂತ ಒಳ್ಳೆಯ ಕಥೆ ಸಿಗದು, ಆದರೆ ಮೊದಲ ಸಾಲಿನಿಂದಲೇ ಬೈಗುಳ, ಮಕ್ಕಳ ಕೈಗೆ ಹೇಗೆ ಕೊಡುವುದು ಎಂದು ಕೇಳಿದರು. 2016ರಲ್ಲಿ ಬೈಗುಳ ತೆಗೆದ ಶಾಲಾ ಆವೃತ್ತಿಯೇ ಬಂತು. ಅಲ್ಲಿಗೆ ಈ ಪುಸ್ತಕ ಓದುಗರ ಮಾತಿಗೆ ಎರಡನೆಯ ಸಲ ತಿದ್ದಿಸಿಕೊಂಡಂತಾಯಿತು.

ಮುಂದಿನ ಪುಸ್ತಕಗಳನ್ನು ಓದುಗರು ಅಳೆದದ್ದು ಈ ಪುಸ್ತಕದ ಮಾಪನದಿಂದ. ಚಂದ್ರನ ಮೇಲಿನ ಪಟ್ಟಣದ ಕಥೆ ‘ಆರ್ಟೆಮಿಸ್’ 2017ರಲ್ಲಿ ಬಂದಾಗ ಅಲ್ಯೂಮಿನಿಯಂ ಕಾರ್ಖಾನೆಯ, ಬೆಸುಗೆಯ ವಿವರ ಮೆಚ್ಚಿದವರೂ ನಿರೂಪಕಿ ಜಾಜ್ ಬಶಾರಾಳ ದನಿ ಇಪ್ಪತ್ತಾರರ ಹೆಣ್ಣಿನದ್ದಲ್ಲ, ವಾಟ್ನಿಯದ್ದೇ ಎಂದು ಬೇಸರಪಟ್ಟರು. 2021ರ ‘ಪ್ರಾಜೆಕ್ಟ್ ಹೇಲ್ ಮೇರಿ’ಯಲ್ಲಿ ಮತ್ತೆ ಒಬ್ಬನೇ ಮನುಷ್ಯ, ಶಾಲಾ ಮೇಷ್ಟ್ರು ರೈಲ್ಯಾಂಡ್ ಗ್ರೇಸ್, ಬಾಹ್ಯಾಕಾಶ ನೌಕೆಯಲ್ಲಿ. ಈ ಸಲ ಅವನಿಗೆ ಜೊತೆಗಾರ ಸಿಗುತ್ತಾನೆ: ಇನ್ನೊಂದು ನಕ್ಷತ್ರದ ಜೀವಿ, ಕಲ್ಲಿನಂಥ ಮೈ, ಸಂಗೀತದ ಸ್ವರಗಳಂಥ ಮಾತು. ರಾಕಿ ಎಂದು ಗ್ರೇಸ್ ಹೆಸರಿಟ್ಟ ಅವನನ್ನು ಓದುಗರು ವೀರ್ ಅವರ ಬೇರೆ ಯಾವ ಪಾತ್ರಕ್ಕಿಂತಲೂ ಹಚ್ಚಿಕೊಂಡಿದ್ದಾರೆ. ಮನುಷ್ಯರೇ ಇಲ್ಲ ಎಂದು ಮೊದಲ ಕಾದಂಬರಿಯನ್ನು ಬದಿಗಿಟ್ಟವರೂ ಈ ಗೆಳೆತನಕ್ಕೆ ಸೋತರು. ಆ ಇಬ್ಬರಿಗೂ ಮೊದಲು ಅರ್ಥವಾಗುವುದು ಒಬ್ಬರ ಗಡಿಯಾರ ಇನ್ನೊಬ್ಬರಿಗೆ. ಗಾಜಿನಂಥ ಗೋಡೆಯ ಎರಡು ಬದಿಯಲ್ಲಿ ಕೂತು, ಆರನ್ನು ಆಧಾರವಾಗಿಟ್ಟುಕೊಂಡ ರಾಕಿಯ ಅಂಕಿಗಳನ್ನು ಹತ್ತರ ಲೆಕ್ಕಕ್ಕೆ ಹೊಂದಿಸುತ್ತ, ಅಲ್ಲಿಂದ ಅವರು ಮಾತು ಕಲಿಯುತ್ತಾರೆ.